ಊರಿನ ಕಡೆಗೆ ನಡೆದು ಬಂದ ನೋವು

ನೋವು ಮೊದಲು ಬಂದದ್ದು ಕಾಡಿನ ಗೇಟಿನ ಹತ್ತಿರ. ಸ್ವಲ್ಪ ದಿನ ಬಿಟ್ಟು ಅದು ಮೋರಿಯ ಹತ್ತಿರ ಬಂತು. ಆಮೇಲೆ ಹುಣಸೆ ಮರದ ಬುಡಕ್ಕೆ. ಆಮೇಲೆ ಶುಂಠಿ ಬೆಳೆಯುವವರ ಶೆಡ್ಡಿಗೆ. ಹೀಗೆ ದಿನ ಕಳೆದಂತೆ ಆ ನೋವು ಒಂದಿಷ್ಟೊಂದಿಷ್ಟೇ ಊರಿನ ಕಡೆಗೆ ನಡೆದು ಬರುತ್ತಿತ್ತು. ಓಡುತ್ತಿದ್ದವಳು ನನ್ನ ತಂಗಿ. ಹಿಂದೆ ಬೈಕಿನಲ್ಲಿ ಬೆಳಕು ಹಿಡಿದು ಬರುತ್ತಿದ್ದವನು ನಾನು.

ನಮ್ಮೂರು ಅಂತರಸಂತೆಯಿಂದ ಒಳಗೆ, ಕಾಡಿನ ಅಂಚಿಗಿದೆ. ಹಾಲಿನ ಡೇರಿಯ ಮುಂದಿನಿಂದ ಹೊರಟ ಟಾರು ರಸ್ತೆ ಹತ್ತಿಯ ಹೊಲಗಳ ನಡುವೆ ಹಾದು, ಆನೆ ಕಂದಕ ದಾಟಿ, ಗೇಟಿನ ಹತ್ತಿರ ನಿಲ್ಲುತ್ತದೆ. ಬೆಳಕು ಹರಿಯುವ ಮುಂಚೆ ಆ ರಸ್ತೆಯಲ್ಲಿ ಯಾರೂ ಓಡಾಡುವುದಿಲ್ಲ. ಮಂಜು ಇದ್ದರಂತೂ ಎದುರಿಗಿರುವುದು ಹಸುವೋ ಆನೆಯೋ ಹತ್ತಿರ ಹೋಗುವ ತನಕ ಗೊತ್ತಾಗುವುದಿಲ್ಲ. ಆದರೂ ನಾವು ಓಡಿಸುತ್ತಿದ್ದದ್ದು ಅಲ್ಲೇ. ಬೇರೆ ಕಡೆ ಅಷ್ಟು ಉದ್ದದ ಒಳ್ಳೆಯ ರಸ್ತೆ ಇಲ್ಲ.

ಪೊಲೀಸು, ಅರಣ್ಯ ಇಲಾಖೆ ಅಂತ ದೈಹಿಕ ಪರೀಕ್ಷೆಗೆ ತಯಾರಾಗುವ ಸುತ್ತಮುತ್ತಲಿನ ಹುಡುಗ ಹುಡುಗಿಯರಿಗೆ ನಾನು ವ್ಯಾಯಾಮ ಹೇಳಿಕೊಡುತ್ತಿದ್ದೆ. ಓದಿದ್ದು ಏಳನೇ ಕ್ಲಾಸು. ಕೆ.ಆರ್. ನಗರದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದಾಗ ಅಲ್ಲಿನ ಗರಡಿಯಲ್ಲಿ ಕಲಿತ ಸಾಮು ಬಿಟ್ಟರೆ ನನಗೆ ಬೇರೆ ವಿದ್ಯೆ ಇರಲಿಲ್ಲ. ಹುಡುಗರು ನನ್ನನ್ನು ಕೋಚಣ್ಣ ಎಂದು ಕರೆಯುತ್ತಿದ್ದರು. ಮೊದಮೊದಲು ಅದು ತಮಾಷೆಗೆ. ಒಂದಿಬ್ಬರು ಪಾಸಾಗಿ ಕೆಲಸಕ್ಕೆ ಹೋದ ಮೇಲೆ ಅದೇ ನನ್ನ ಹೆಸರಾಯಿತು.

ತಂಗಿ ಅರಣ್ಯ ರಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಅಂಕದ ಮೇಲೆ ಹೆಸರು ಬಂದಿತ್ತು. ಉಳಿದದ್ದು ಓಟ, ಉದ್ದ ಜಿಗಿತ, ಗುಂಡು ಎಸೆತ. ಅವಳಿಗೆ ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು. ಈ ಸಲ ತಪ್ಪಿದರೆ ಇನ್ನೊಂದು ಸಲ ಇರಲಿಲ್ಲ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವಳ ಕಾಲಿನ ಬಗ್ಗೆ ಒಂದು ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ತಂಗಿ ಕಾಲು ಮುಂದಾಗಿ ಹುಟ್ಟಿದವಳು. ನಮ್ಮ ಕಡೆ ಅಂಥವರ ಕಾಲಿಗೆ ಒಂದು ಗುಣ ಇದೆ ಎನ್ನುತ್ತಾರೆ. ಸೊಂಟ ಹಿಡಿದುಕೊಂಡವರು, ಬೆನ್ನು ಉಳುಕಿದವರು ಬಂದು ಬೋರಲು ಮಲಗುತ್ತಾರೆ. ಅವಳು ನೋವಿರುವ ಜಾಗವನ್ನು ಬಲಗಾಲಿನ ಹಿಮ್ಮಡಿಯಿಂದ ಮೆಲ್ಲಗೆ ಒತ್ತಿ, ಕೊನೆಗೆ ಒಂದು ಸಣ್ಣ ಒದೆ ಕೊಡಬೇಕು. ಒದ್ದವಳು ಹಿಂದಿರುಗಿ ನೋಡದೆ ಒಳಗೆ ಹೋಗಿಬಿಡಬೇಕು. ಸಣ್ಣ ಮಗುವಾಗಿದ್ದಾಗಿನಿಂದ ಅವಳನ್ನು ಎತ್ತಿಕೊಂಡು ಹೋಗಿ ಜನರ ಬೆನ್ನ ಮೇಲೆ ನಿಲ್ಲಿಸಿದ್ದಾರೆ. ಎಷ್ಟೋ ಜನಕ್ಕೆ ಗುಣವಾಗಿದೆ.

ನನ್ನ ಮೈದಾನದಲ್ಲೂ ಇದೇ ಪದ್ಧತಿ ಮಾಡಿಕೊಂಡೆ. ಮೈ ಬಿಸಿ ಮಾಡದೆ ಓಡಿದವರಿಗೆ ತೊಡೆಯ ಹಿಂಭಾಗ ಹಿಡಿಯುತ್ತದೆ. ಬಸ್ಕಿ ಹೆಚ್ಚಾದರೆ ಮಂಡಿಚಿಪ್ಪಿನ ಕೆಳಗೆ ಚುಚ್ಚುತ್ತದೆ. ಗುಂಡು ಎಸೆಯುವವರಿಗೆ ಭುಜ ಬಾಧೆ ಕೊಡುತ್ತದೆ. ಇವಕ್ಕೆ ಎಣ್ಣೆ ಹಚ್ಚಿ ಉಜ್ಜುವುದು, ಉಪ್ಪಿನ ಶಾಖ, ಬಟ್ಟೆ ಕಟ್ಟುವುದು. ಸೊಂಟ ಬೆನ್ನು ಆದರೆ ತಂಗಿಯ ಕಾಲು.

“ಕೋಚಣ್ಣ, ಸೊಂಟ ಇಡ್ಕಬುಡ್ತು ಕಣಣ್ಣ,” ಎಂದು ಯಾರಾದರೂ ಬಂದರೆ,

“ಅಕ್ಕನ ತಾವು ಒದೆಸ್ಕೊ ಓಗ್ಲಾ,” ಎನ್ನುತ್ತಿದ್ದೆ.

“ಅಕ್ಕ, ಮೆತ್ಗೆ. ವಾದ್ಸಲ ಒದ್ದೇಟ್ಗೆ ಬಾಯ್ಗೆಲ್ಲ ಮಣ್ಣು ಓಯ್ತು.”

“ಬಾಯ್ ಮುಚ್ಕಂಡು ಬಿದ್ಕೊ. ಇಲ್ದಿದ್ರೆ ಬಾಯ್ಗೇ ಬೀಳ್ತದೆ,” ಎಂದು ತಂಗಿ ನಗುತ್ತಿದ್ದಳು.

ಆಗೆಲ್ಲ ಅವಳು ಬಹಳ ನಗುತ್ತಿದ್ದಳು.

ಗೇಟಿನ ಹತ್ತಿರ ಮೊದಲ ಸಲ ನೋವು ಬಂದ ದಿನ ಅವಳು ಓಟ ನಿಲ್ಲಿಸಲಿಲ್ಲ. ವಾಪಸ್ ಬಂದು ಶೂ ಬಿಚ್ಚುವಾಗ ಬಲ ಕಣಕಾಲಿನ ಎಲುಬನ್ನು ಒತ್ತಿ ನೋಡಿಕೊಂಡಳು. “ಇಲ್ಲಿ ಒಂತರಾ ಆಯ್ತದೆ ಕಣಣ್ಣ,” ಅಂದಳು. ಓಟ ಹೆಚ್ಚಿಸಿದಾಗ ಕಣಕಾಲು ಕಡಿಯುವುದು ಎಲ್ಲರಿಗೂ ಇದ್ದದ್ದೇ. ಎಣ್ಣೆ ಹಚ್ಚಿ ಉಜ್ಜಿದೆ. ನಿಂತರೆ ನೋವಿಲ್ಲ, ನಡೆದರೆ ನೋವಿಲ್ಲ, ಓಡಿ ಗೇಟು ಮುಟ್ಟುವಾಗ ಮಾತ್ರ. ಗರಡಿಯಲ್ಲಿ ನನಗೆ ಕಲಿಸಿದ್ದು ಒಂದೇ: ನೋವು ಬಂದರೆ ಮೈ ಮಾಗುತ್ತಿದೆ ಎಂದು ಅರ್ಥ, ಅದರ ಮೇಲೇ ಇನ್ನಷ್ಟು ಸಾಮು ಮಾಡಿದರೆ ಬಿಟ್ಟುಹೋಗುತ್ತದೆ. ನಾನು ಓಟ ಇನ್ನೊಂದು ಸುತ್ತು ಹೆಚ್ಚಿಸಿದೆ.

ನೋವು ಮೋರಿಗೆ ಬಂತು. ಪ್ರತಿ ದಿನ ಅದೇ ಜಾಗ. ಬೈಕಿನ ಬೆಳಕಿನಲ್ಲಿ ನೋಡುತ್ತಿದ್ದೆ. ಮೋರಿಯ ಕಟ್ಟೆ ಕಂಡ ಕೂಡಲೇ ಅವಳ ಬಲ ಭುಜ ಸ್ವಲ್ಪ ಕೆಳಗಿಳಿಯುತ್ತಿತ್ತು. ಹುಣಸೆ ಮರಕ್ಕೆ ಬಂದ ಮೇಲೆ ಅವಳೇ ಮರವನ್ನು ದೂರದಿಂದ ನೋಡಲು ಶುರುಮಾಡಿದಳು, ಅಲ್ಲಿ ಯಾರೋ ಕಾದು ನಿಂತಿರುವ ಹಾಗೆ.

“ಮರ ದಾಟ್ಲಿ ಬುಡಣ್ಣ, ಆಮೇಲ್ ನೋಡಾವ,” ಎನ್ನುತ್ತಿದ್ದಳು. ಮರ ದಾಟುವುದಕ್ಕೆ ಅದು ಬಿಡುತ್ತಿರಲಿಲ್ಲ.

ಅವ್ವ ಇದನ್ನು ಕೇಳಿ ಉಪ್ಪಿನ ಶಾಖ ಕೊಟ್ಟಳು. ಪಕ್ಕದ ಮನೆಯ ದೊಡ್ಡವ್ವ ಅಷ್ಟಕ್ಕೇ ಬಿಡಲಿಲ್ಲ. ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, “ಎಷ್ಟ್ ಜನದ್ ಸೊಂಟ ಮೆಟ್ಟವ್ಳೆ ಈ ಮಗ. ಮೆಟ್ಟಿದ್ ನೋವೆಲ್ಲ ಎಲ್ಗೋಯ್ತದೆ ಅನ್ಕಂಡಿದ್ರಿ? ಗಾಳೀಗ್ ಓಯ್ತದಾ?” ಅಂದಳು.

“ಸುಮ್ಕಿರಿ ದೊಡ್ಡವ್ವ,” ಎಂದು ನಾನು ಗದರಿದೆ. ತಂಗಿ ತನ್ನ ಕಾಲು ನೋಡಿಕೊಂಡದ್ದು ನನಗೆ ಕಂಡಿತು.

ನೋವು ಶುಂಠಿ ಶೆಡ್ಡಿಗೆ ಬಂದ ವಾರ ಒಂದು ಸಂಜೆ ಕರೆಂಟು ಹೋಗಿತ್ತು. ತಂಗಿ ದಿಂಬಿನ ಮೇಲೆ ಕಾಲು ಚಾಚಿ ಮಲಗಿದ್ದಳು. ಅವಳ ಮೊಬೈಲು ಕಣಕಾಲಿನ ಮೇಲೆಯೇ ಇತ್ತು. ನಮ್ಮಲ್ಲಿ ಸಿಗ್ನಲ್ ಬರುವುದೇ ಅಪರೂಪ. ಆ ಹೊತ್ತಿಗೆ ಯಾರದೋ ಫೋನು ಬಂತು. ಸದ್ದು ಆಗದ ಹಾಗೆ ಇಟ್ಟಿದ್ದರಿಂದ ಮೊಬೈಲು ಬರೀ ಅದುರಿತು. ತಂಗಿ ಕಿರುಚಿಕೊಂಡಳು. ಅಂಥ ಕೂಗನ್ನು ನಾನು ಅವಳಿಂದ ಕೇಳಿರಲಿಲ್ಲ. ಮೊಬೈಲು ನೆಲಕ್ಕೆ ಬಿದ್ದು ಅಲ್ಲೂ ಅದುರುತ್ತಲೇ ಇತ್ತು. ಅವಳು ಗೋಡೆಗೆ ಒರಗಿ ಎರಡೂ ಕೈಯಿಂದ ಕಾಲು ಹಿಡಿದುಕೊಂಡು, “ಒಳಗ್ ಏನೋ ಅದೆ ಕಣಣ್ಣ. ಕರುದ್ರೆ ಓ ಅಂತದೆ,” ಅಂದಳು.

ಮಾರನೆ ದಿನ ಅವಳನ್ನು ಹುಣಸೂರಿನ ಒಬ್ಬ ಮೂಳೆ ಡಾಕ್ಟರ ಬಳಿಗೆ ಕರೆದುಕೊಂಡು ಹೋದೆ.

ಡಾಕ್ಟರು ಮೊದಲು ಕೇಳಿದ್ದು ನೋವು ಎಲ್ಲಿದೆ ತೋರಿಸು ಅಂತ. ತಂಗಿ ಒಂದು ಬೆರಳಿನ ತುದಿ ಇಟ್ಟು ತೋರಿಸಿದಳು. ಅವರು ನನ್ನ ಕಡೆ ತಿರುಗಿ, “ಸಾಧಾರಣ ಕಣಕಾಲು ನೋವಾದ್ರೆ ಅಂಗೈಯಿಂದ ಉದ್ದಕ್ಕೆ ಸವರಿ ತೋರಿಸ್ತಾರೆ. ಹೀಗೆ ಒಂದೇ ಬೆರಳಿಟ್ಟು ತೋರಿಸಿದ್ರೆ ನಮಗೆ ಅನುಮಾನ,” ಅಂದರು. ಒಂಟಿ ಕಾಲಲ್ಲಿ ಕುಪ್ಪಳಿಸಲು ಹೇಳಿದರು. ಎಡಗಾಲಲ್ಲಿ ಕುಪ್ಪಳಿಸಿದಳು. ಬಲಗಾಲಲ್ಲಿ ಆಗಲಿಲ್ಲ. ಆಮೇಲೆ ಮೇಜಿನ ಖಾನೆಯಿಂದ ಎರಡು ಕವಲಿನ ಒಂದು ಉಕ್ಕಿನ ಸಲಾಕೆ ತೆಗೆದು ತಮ್ಮ ಮೊಣಕೈಗೆ ತಟ್ಟಿದರು. ಅದು ಕೊಂಯ್ ಎಂದು ಹಾಡತೊಡಗಿತು. ಅದರ ಬುಡವನ್ನು ಎಲುಬಿನ ಮೇಲೆ ಅಲ್ಲಲ್ಲಿ ಇಡುತ್ತ ಕೆಳಗಿಳಿದರು. ಆ ಒಂದು ಜಾಗಕ್ಕೆ ಬಂದಾಗ ತಂಗಿ ಕಣ್ಣು ಮುಚ್ಚಿ ತುಟಿ ಕಚ್ಚಿದಳು. ಸಲಾಕೆಯ ದನಿ ನಿಂತ ಮೇಲೂ ಅವಳು ಕಣ್ಣು ತೆರೆಯಲಿಲ್ಲ.

ಎಕ್ಸ್‌ರೇ ತೆಗೆಸಿದರು. ತಂಗಿ ಇನ್ನೂ ಫೋಟೋ ತೆಗೆದ ಕೋಣೆಯಲ್ಲೇ ಇದ್ದಾಗ ಫಿಲಂ ಬಂತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದರು. ಎಲುಬು ಬೆಳ್ಳಗೆ, ನುಣ್ಣಗೆ ಇತ್ತು.

“ಏನೂ ಇಲ್ವಲ್ಲ ಸಾರ್,” ಅಂದೆ.

“ಕಾಣೋದಿಲ್ಲ. ಇಲ್ಲ ಅಂತ ಅಲ್ಲ,” ಅಂದರು. “ದಿನಾ ಟಾರ್ ಮೇಲೆ ಓಡಿ ಓಡಿ ಎಲುಬು ದಣಿದಿದೆ. ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತೆ. ಇದು ಶುರುವಿನಲ್ಲಿ ಫೋಟೋದಲ್ಲಿ ಬರೋದೇ ಇಲ್ಲ. ವಾಸಿಯಾಗೋಕೆ ಹೊರಟಾಗ ಅದರ ಸುತ್ತ ಹೊಸ ಎಲುಬು ಕಟ್ಟಿಕೊಳ್ಳುತ್ತೆ, ಆಗ ಕಾಣುತ್ತೆ. ಈಗ್ಲೇ ನೋಡ್ಬೇಕು ಅಂದ್ರೆ ಮೈಸೂರಿಗೆ ಹೋಗಿ ಎಂಆರ್‌ಐ ಮಾಡಿಸಿ. ಮಾಡಿಸದಿದ್ರೂ ಸರಿ, ಓಡಿಸ್ಬೇಡಿ. ಒಂದೂವರೆ ಎರಡು ತಿಂಗಳು. ಓಡಿದ್ರೆ ಪೂರ್ತಿ ಮುರಿಯುತ್ತೆ.”

ಪರೀಕ್ಷೆಗೆ ಒಂದು ತಿಂಗಳೂ ಇರಲಿಲ್ಲ. ಅದನ್ನು ಹೇಳಿದೆ. ಡಾಕ್ಟರು ನನ್ನ ಮುಖ ನೋಡಿ, “ನೀವು ಅಣ್ಣ ತಾನೆ? ನೀವೇ ತಿಳಿಸಿ ಹೇಳಿ,” ಅಂದರು. ಅಷ್ಟರಲ್ಲಿ ಹೊರಗೆ ಆಟೋ ಬಿದ್ದು ಗಾಯವಾದವರನ್ನು ತಂದರು. ಅವರು ನೋವಿನ ಮಾತ್ರೆ ಬರೆದುಕೊಟ್ಟು ಎದ್ದು ಹೋದರು.

ಬಸ್‌ ಸ್ಟ್ಯಾಂಡಿಗೆ ನಡೆದು ಬಂದೆವು. ಅಲ್ಲಿ ಕಲ್ಲು ಬೆಂಚಿನ ಮೇಲೆ ಕೂತು ಅವಳೇ ಕೇಳಿದಳು.

“ಏನಂದ್ರು?”

ನನಗೆ ಆಗ ಏನೇನು ಕಣ್ಣ ಮುಂದೆ ಬಂತು ಎಂದು ಪ್ರಾಮಾಣಿಕವಾಗಿ ಬರೆಯುತ್ತೇನೆ. ಅವಳು ಹಸಿರು ಬಟ್ಟೆ ಹಾಕಿಕೊಂಡು ಗೇಟಿನಲ್ಲಿ ನಿಂತಿರುವುದು ಬಂತು. ಅದಕ್ಕಿಂತ ಮುಂಚೆ ಬಂದದ್ದು, ಕೋಚಣ್ಣನ ಸ್ವಂತ ತಂಗಿಯೇ ಓಡಲಾಗದೆ ಕೂತಳಂತೆ ಎಂದು ಊರಿನವರು ಆಡಿಕೊಳ್ಳುವುದು.

“ಫೋಟೋದಾಗೆ ಏನೂ ಇಲ್ಲ ಕಣಮ್ಮಿ. ಎಲುಬು ಕಲ್ಲಿದ್ದಂಗದೆ,” ಅಂದೆ.

“ಮತ್ತೆ ಎಲುಬ್ನಾಗೆ ಇಲ್ದಿದ್ರೆ ಇನ್ನೇನದು?”

ಇಲ್ಲಿ ಸುಮ್ಮನಿದ್ದರೂ ಸಾಕಿತ್ತು. ಸುಮ್ಮನಿರಲಿಲ್ಲ. ಅವಳು ಹೆದರಿ ಓಟ ನಿಲ್ಲಿಸಿಬಿಟ್ಟರೆ ಎಂದು ನನಗೆ ಭಯವಾಯಿತು. ಪರಿಹಾರ ಇರುವ ಒಂದು ಕಾರಣ ಕೊಡಬೇಕಿತ್ತು. ಬಾಯಿಗೆ ಬಂದದ್ದು ದೊಡ್ಡವ್ವನ ಮಾತು.

“ದೊಡ್ಡವ್ವ ಏಳಿದ್ದೇ ಇರ್ಬೇಕು. ಜನದ್ ನೋವು ತಗಂಡಿದ್ದೀಯಲ್ಲ. ಅದ್ನ ಇಳಿಸ್ಬುಟ್ರೆ ಸರಿ ಓಯ್ತದೆ. ಇನ್ಮೇಲೆ ಯಾರ್ನೂ ಮೆಟ್ಬೇಡ.”

ಅವಳು ಬಹಳ ಹೊತ್ತು ಕಾಲನ್ನೇ ನೋಡಿದಳು. ಆಮೇಲೆ ಚಪ್ಪಲಿಯೊಳಗೆ ಬೆರಳುಗಳನ್ನು ಮೆಲ್ಲಗೆ ಮಡಚಿಕೊಂಡಳು. ಡಾಕ್ಟರು ಎಲುಬು ಅಂದಿದ್ದರು. ನಾನು ಅದಕ್ಕೆ ಬೇರೆಯವರ ನೋವು ಎಂದು ಹೆಸರಿಟ್ಟೆ. ನಾನು ಅಂಥದ್ದನ್ನೆಲ್ಲ ನಂಬುವವನಲ್ಲ. ಅವಳು ನಂಬುತ್ತಾಳೆ ಎನ್ನುವುದು ಮಾತ್ರ ಗೊತ್ತಿತ್ತು.

ಇಳಿಸಲು ಪಿರಿಯಾಪಟ್ಟಣದ ಹಾರನಹಳ್ಳಿ ಕಡೆಯಿಂದ ಒಬ್ಬ ಮುದುಕನನ್ನು ಕರೆಸಿದ್ದು ಅವ್ವ. ಆತ ಹೇಳಿದ ಕ್ರಮ ನಾವು ಯಾರೂ ಕೇಳಿರದಂಥದ್ದು. ಇವಳ ಕಾಲಿನಿಂದ ನೋವು ಕಳೆದುಕೊಂಡವರೆಲ್ಲ ಬಂದು ತಮ್ಮ ತಮ್ಮದನ್ನು ವಾಪಸ್ ಕೇಳಿ ಪಡೆಯಬೇಕು ಅಂದ. ಸೂರ್ಯ ಮುಳುಗುವ ಹೊತ್ತಿಗೆ ಮೂರು ದಾರಿ ಕೂಡುವ ಜಾಗದಲ್ಲಿ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಬಲಗಾಲು ಚಾಚಿಸಿದರು. ನನ್ನ ಮೈದಾನದ ಹುಡುಗ ಹುಡುಗಿಯರು ಸಾಲಾಗಿ ನಿಂತರು. ಒಬ್ಬೊಬ್ಬರೇ ಬಂದು, ಅರಿಸಿನ ಸುಣ್ಣ ಕದಡಿದ ಕೆಂಪು ನೀರನ್ನು ಅವಳ ಕಣಕಾಲಿನ ಮೇಲೆ ಹುಯ್ದು, ಕೈಯಿಟ್ಟು, “ನಂದು ನಂಗೆ ಕೊಡು,” ಅನ್ನಬೇಕು. ಮೊದಲಿನವನು ನಗುತ್ತಲೇ ಬಂದ. ಕಾಲು ಮುಟ್ಟಿದ ಮೇಲೆ ನಗಲಿಲ್ಲ. ಆಮೇಲೆ ಬಂದವರ ದನಿ ಸಣ್ಣದಾಗುತ್ತ ಹೋಯಿತು. ನಂದು ನಂಗೆ ಕೊಡು. ನಂದು ನಂಗೆ ಕೊಡು. ಕಾಡಿನ ಕಡೆಯಿಂದ ಜಿಂಕೆಯೊಂದು ಒಂದೇ ಸಮ ಕೂಗುತ್ತಿತ್ತು. ಕೆಂಪು ನೀರು ರಸ್ತೆಯ ಇಳಿಜಾರಿನಲ್ಲಿ ಊರಿನ ಕಡೆಗೇ ಹರಿಯಿತು.

ಮರುದಿನ ಮೈದಾನದಲ್ಲಿ ಇಬ್ಬರಿಗೆ ಸೊಂಟ ಹಿಡಿಯಿತು. ಮತ್ತೊಬ್ಬಳಿಗೆ ಬೆನ್ನು. ಅದಕ್ಕೆ ಕಾರಣ ನನಗೆ ಗೊತ್ತಿತ್ತು. ಹಿಂದಿನ ದಿನ ವ್ಯಾಯಾಮ ತಪ್ಪಿಸಿದ್ದಕ್ಕೆ ನಾನು ಆ ಬೆಳಿಗ್ಗೆ ಚಳಿಯಲ್ಲಿ ಮೈ ಬಿಸಿ ಮಾಡಿಸದೆ ಬಸ್ಕಿ ಹೊಡೆಸಿದ್ದೆ. ಗೊತ್ತಿದ್ದೂ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡಾಗ ನನಗೆ ಮೈ ಜುಂ ಎಂದಿತು. ತಂಗಿ ಮಾತ್ರ ಮೊದಲ ಸಲ ನೆಮ್ಮದಿಯಿಂದ ಉಸಿರು ಬಿಟ್ಟಳು. “ಓಯ್ತು ಕಣಣ್ಣ. ಅವರವರ್ದು ಅವರವರ್ಗೆ ಓಯ್ತು,” ಅಂದಳು.

ಅಂದಿನಿಂದ ಓಟಕ್ಕೆ ಮುಂಚೆ ಅವಳಿಗೆ ಡಾಕ್ಟರು ಬರೆದ ಮಾತ್ರೆ ಕೊಡತೊಡಗಿದೆ. ಮಲಗಿ ಸುಧಾರಿಸಿಕೊಳ್ಳಲಿ ಎಂದು ಕೊಟ್ಟ ಮಾತ್ರೆ. ಅದನ್ನು ಓಡಿಸುವುದಕ್ಕೆ ಬಳಸಿದೆ. ಮುಗಿದ ಮೇಲೆ ಮೆಡಿಕಲ್ ಸ್ಟೋರಿನಲ್ಲಿ ಅದೇ ಚೀಟಿ ತೋರಿಸಿ ಮತ್ತೆ ತಂದೆ.

ನೋವು ಹೋಯಿತು. ಶೆಡ್ಡು ದಾಟಿದಳು, ಮರ ದಾಟಿದಳು, ಮೋರಿ ದಾಟಿ ಗೇಟು ಮುಟ್ಟಿ ಬಂದಳು. ಹುಡುಗರು ಚಪ್ಪಾಳೆ ತಟ್ಟಿದರು. ಆದರೆ ಬೈಕಿನ ಮೇಲೆ ಹಿಂದೆ ಬರುತ್ತಿದ್ದ ನನಗೆ ಒಂದು ವಿಷಯ ಕೇಳಿಸುತ್ತಿತ್ತು. ಅವಳ ಎಡ ಶೂ ಟಾರಿನ ಮೇಲೆ ತಪ್ ಎನ್ನುತ್ತಿತ್ತು. ಬಲದ್ದು ಏನೂ ಅನ್ನುತ್ತಿರಲಿಲ್ಲ. ಇಂಜಿನ್ ಆರಿಸಿ ಇಳಿಜಾರಿನಲ್ಲಿ ಕೇಳಿದೆ. ತಪ್, ಆಮೇಲೆ ಏನೂ ಇಲ್ಲ. ತಪ್, ಏನೂ ಇಲ್ಲ. ಮಂಜಿನಲ್ಲಿ ಒಂಟಿ ಕಾಲಿನವರು ಯಾರೋ ಓಡುತ್ತಿದ್ದ ಹಾಗಿತ್ತು.

“ನೋವದೇನಮ್ಮಿ?” ಎಂದು ಒಂದು ದಿನ ಕೇಳಿದೆ.

“ನೋವಿಲ್ಲ ಕಣಣ್ಣ. ಕಾಲೇ ಇಲ್ವೇನೋ ಅನ್ನಂಗದೆ. ಇನ್ಯಾರೋ ಅವರ್ ಕಾಲು ಕೊಟ್ಟವ್ರೆ, ಓಡ್ಕಬಾ ಅಂತ.”

ನಿಲ್ಲಿಸಬೇಕಿತ್ತು. ಪರೀಕ್ಷೆಗೆ ಇನ್ನು ಕೆಲವೇ ದಿನ, ಆಮೇಲೆ ಎಷ್ಟು ಬೇಕಾದರೂ ಮಲಗಲಿ, ಆಮೇಲೆ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡೆ.

ಆ ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಬೈಕು ಒಮ್ಮೆ ಕೆಮ್ಮಿ ನಿಂತಿತು. ಕಿಕ್ ಹೊಡೆಯುತ್ತಿದ್ದಾಗ ಅವಳು ಬೆಳಕು ದಾಟಿ ಮುಂದೆ ಹೋದಳು. ಹೆಜ್ಜೆಯ ಸದ್ದು ಮಾತ್ರ ಕೇಳುತ್ತಿತ್ತು. ಅದು ದೂರವಾಗುತ್ತಿದ್ದ ಹಾಗೆ ಚಟ್ ಎಂದು ಒಂದು ಸದ್ದು ಬಂತು. ಕಾಡಿನ ಅಂಚಿನಲ್ಲಿ ಅಂಥ ಸದ್ದು ಕೇಳಿದರೆ ಆನೆ ಕೊಂಬೆ ಮುರಿಯಿತು ಎಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡು ಕಂದಕದ ಕಡೆ ನೋಡಿದೆ. ಆಮೇಲೆ ಹೆಜ್ಜೆಯ ಸದ್ದು ನಿಂತಿರುವುದು ಗೊತ್ತಾಯಿತು.

ಓಡಿದೆ. ಅವಳು ರಸ್ತೆಯ ನಡುವೆ ಕೂತಿದ್ದಳು. ಅಳುತ್ತಿರಲಿಲ್ಲ. ಕಣಕಾಲು ಕೀಲಿಲ್ಲದ ಜಾಗದಲ್ಲಿ ಬಾಗಿತ್ತು. ಅದನ್ನು ಅವಳು ಪರರ ವಸ್ತುವಿನ ಹಾಗೆ ನೋಡುತ್ತಿದ್ದಳು.

“ಯಾರೋ ಒಬ್ರು ವಾಪಸ್ ಇಸ್ಕಂಡಿಲ್ಲ ಕಣಣ್ಣ,” ಅಂದಳು. “ಯಾರ್ದೋ ಒಂದು ಉಳ್ಕಂಬುಟ್ಟಿತ್ತು.”

ಆಗಲೂ ನಾನು ಬಾಯಿ ಬಿಡಲಿಲ್ಲ.

ಮೈಸೂರಿನಲ್ಲಿ ಆಪರೇಷನ್ ಮಾಡಿ ಎಲುಬಿನೊಳಗೆ ರಾಡು ಹಾಕಿದರು. ಪರೀಕ್ಷೆಯ ದಿನ ಅವಳು ವಾರ್ಡಿನಲ್ಲಿದ್ದಳು. ಊರಿಗೆ ಬಂದ ಮೇಲೆ ಯಾರೂ ಎಲುಬಿನ ಮಾತೆತ್ತಲಿಲ್ಲ. ಎಲ್ಲರೂ ಉಳಿದುಹೋದ ಆ ನೋವು ಯಾರದಿರಬಹುದು ಎಂದೇ ಮಾತಾಡಿದರು. ನನ್ನ ಮೈದಾನದ ಒಬ್ಬ ಹುಡುಗ ಕಿತ್ತಳೆ ಹಣ್ಣು ತಂದು ಮಂಚದ ಪಕ್ಕ ಇಟ್ಟು, ಅತ್ತುಬಿಟ್ಟ. ನೋವು ಇಳಿಸಿದ ಸಂಜೆ ಅವನು ಬಂದಿರಲಿಲ್ಲವಂತೆ, ಜ್ವರವಿತ್ತಂತೆ.

“ನಂದೇ ಇರ್ಬೇಕು ಅಕ್ಕ. ನನ್ ಸೊಂಟದ್ದು ನಿಂಗ್ ಬಂದ್ಬುಡ್ತು,” ಅಂದ.

ತಂಗಿ ಅವನ ತಲೆ ಸವರಿ, “ನೀನೇನ್ ಬೇಕೂಂತ ಮಾಡಿದ್ಯಾ, ಬುಡ್ಲಾ,” ಅಂದಳು.

ನಾನು ಬಾಗಿಲಲ್ಲಿ ನಿಂತಿದ್ದೆ. ಅವನ ತಪ್ಪಲ್ಲ ಎಂದು ಹೇಳುವುದಕ್ಕೆ ಒಂದು ಮಾತು ಸಾಕಿತ್ತು. ಹೇಳದೆ ಹಿತ್ತಲಿಗೆ ಹೋದೆ. ಅವತ್ತೇ ಮೈದಾನ ನಿಲ್ಲಿಸಿದೆ. ತಂಗಿಗೆ ಹೀಗಾಯಿತಲ್ಲ ಎಂಬ ದುಃಖಕ್ಕೆ ನಿಲ್ಲಿಸಿದ ಎಂದು ಊರವರು ಮರುಗಿದರು.

ಮೂರು ತಿಂಗಳಾದ ಮೇಲೆ ನಮ್ಮ ತಾಲ್ಲೂಕು ಊರು ಕೋಟೆಯ ಆಸ್ಪತ್ರೆಯಲ್ಲಿ ಫಿಸಿಯೊಥೆರಪಿ ಶುರುವಾಯಿತು. ಎರಡು ಕಡೆ ಕಂಬಿ, ಎದುರಿಗೆ ದೊಡ್ಡ ಕನ್ನಡಿ ಇರುವ ಕೋಣೆ. ವ್ಯಾಯಾಮ ಮಾಡಿಸುವ ಮೇಡಮ್ ಸಣ್ಣ ವಯಸ್ಸಿನವರು, ತಾಳ್ಮೆಯವರು. ಎಲುಬು ಕೂಡಿದೆ, ಭಾರ ಹಾಕಬಹುದು ಎಂದು ಮೈಸೂರಿನವರು ಬರೆದುಕೊಟ್ಟಿದ್ದರು. ತಂಗಿ ಕಂಬಿ ಹಿಡಿದು ಎಡಗಾಲಲ್ಲಿ ನಿಲ್ಲುತ್ತಿದ್ದಳು. ಬಲಗಾಲು ನೆಲದಿಂದ ಒಂದಿಷ್ಟು ಮೇಲೆಯೇ ನಿಂತಿರುತ್ತಿತ್ತು.

“ಊರಮ್ಮ, ಏನೂ ಆಗಲ್ಲ. ಮೊದಮೊದಲು ಕಾಲು ನಡುಗುತ್ತೆ ಅಷ್ಟೆ. ತೊಡೆ ಸೊರಗಿದೆ ನೋಡು, ಅದಕ್ಕೆ ಕೆಲಸ ಕೊಡಬೇಕು.”

“ನಿಮ್ಗೊತ್ತಿಲ್ಲ ಮೇಡಮ್. ಇದ್ರಾಗೆ ಇನ್ನೂ ಅದೆ. ಊರಿದ್ರೆ ಏಳ್ತದೆ.”

ಅವಳು ಆ ಕಾಲನ್ನು ನೇರವಾಗಿ ನೋಡುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡುತ್ತಿದ್ದಳು. ಎಷ್ಟು ಸಲ ಹೋದರೂ ಇದೇ. ಒಂದು ದಿನ ಮೇಡಮ್ ನನ್ನನ್ನು ಹೊರಗೆ ಕರೆದು, “ಹೀಗೇ ಬಿಟ್ರೆ ಕೀಲು ಹಿಡ್ಕೊಂಡುಬಿಡುತ್ತೆ, ಜನ್ಮಪೂರ್ತಿ ವಾಕರ್ ಆಗುತ್ತೆ. ಎಲುಬು ಸರಿಯಾಗಿದೆ, ತಲೆಯಲ್ಲಿ ಯಾರೋ ಹೆದರಿಕೆ ತುಂಬಿದ್ದಾರೆ. ಯಾರು ಹೇಳಿದ್ದು ಇದನ್ನೆಲ್ಲ?” ಎಂದು ಕೇಳಿದರು.

“ಊರೋರು ಮೇಡಮ್,” ಅಂದೆ.

ಮನೆಯಲ್ಲಿ ಅವಳು ಆ ಕಾಲಿಗೆ ಸದಾ ಹಳೇ ಸೀರೆಯ ಬಟ್ಟೆ ಸುತ್ತಿಕೊಂಡಿರುತ್ತಿದ್ದಳು. ಯಾರೂ ಮುಟ್ಟಬಾರದು. ಒಂದು ಮಧ್ಯಾಹ್ನ ದೊಡ್ಡವ್ವನ ಮೊಮ್ಮಗು ಅಂಬೆಗಾಲಿಟ್ಟು ಬಂದು ಆ ಕಾಲು ಹಿಡಿದು ಎದ್ದು ನಿಲ್ಲಲು ನೋಡಿತು. ತಂಗಿ ಹೌಹಾರಿ ಕಾಲೆಳೆದುಕೊಂಡಳು. ಮಗು ಮುಗ್ಗರಿಸಿತು. ತಂಗಿ ಕುರ್ಚಿಯಿಂದ ಬಿದ್ದಳು. ಬಿದ್ದ ಕಡೆಯಿಂದಲೇ, “ಮಗೀನ ಎತ್ಕಳ್ರೋ, ಅದ್ರ ಮೈಗೆ ಅಂಟ್ತದೆ, ಎತ್ಕಳ್ರೋ,” ಎಂದು ಕೂಗತೊಡಗಿದಳು. ನಾನು ಮಗುವನ್ನು ಎತ್ತಿಕೊಂಡೆ. ಅದು ನಗುತ್ತಿತ್ತು. ತಂಗಿ ನನ್ನ ತೋಳಿನಲ್ಲಿದ್ದ ಮಗುವಿನ ಕಾಲುಗಳನ್ನು ಮಡಚಿ ಚಾಚಿ ನೋಡು ಅಂದಳು. ಅವಳು ನೆಲದ ಮೇಲೆ, ಮಗು ನನ್ನ ಕೈಯಲ್ಲಿ, ನಾನು ಅದರ ಕಾಲುಗಳನ್ನು ಮಡಚಿ ಚಾಚಿ ತೋರಿಸುತ್ತಿದ್ದೇನೆ. ಹುಣಸೂರಿನ ಬಸ್‌ ಸ್ಟ್ಯಾಂಡಿನಲ್ಲಿ ನಾನು ಅವಳ ಕಾಲಿನೊಳಗೆ ಇಟ್ಟದ್ದು ಇದು ಎಂದು ಆಗ ತಿಳಿಯಿತು. ಅದನ್ನು ತೆಗೆಯುವುದು ನನ್ನಿಂದ ಮಾತ್ರ ಸಾಧ್ಯವಿತ್ತು.

ಮುಂದಿನ ಸಲ ಕೋಟೆಗೆ ಹೋದಾಗ, ಅವಳು ಕಂಬಿಗಳ ನಡುವೆ ನಿಂತಿದ್ದಾಗಲೇ ಹೇಳಿದೆ. ಮೇಡಮ್ ಎದುರಿಗೇ ಹೇಳಿದೆ, ಆಮೇಲೆ ಮಾತು ತಿರುಗಿಸಲು ಆಗಬಾರದು ಎಂದು.

“ನಿನ್ ಕಾಲ್ನಾಗೆ ಯಾರ್ ನೋವೂ ಇರ್ಲಿಲ್ಲ ಕಣಮ್ಮಿ. ಎಲುಬು ಸೀಳು ಬಿಟ್ಟಿತ್ತು. ಉಣ್ಸೂರ್ ಡಾಕ್ಟ್ರು ಅವತ್ತೇ ಏಳಿದ್ರು. ಓಡಿಸ್ಬೇಡಿ, ಮುರೀತದೆ ಅಂತ ನಂಗೆ ಏಳಿದ್ರು. ನಾನು ಮುಚ್ಚಿಟ್ಟೆ. ದೊಡ್ಡವ್ವನ್ ಮಾತ ಬೇಕೂಂತ್ಲೇ ನಿಂಗೇಳ್ದೆ, ನೀನು ಓಡ್ಲಿ ಅಂತ.”

ತಂಗಿ ನನ್ನನ್ನು ಕನ್ನಡಿಯಲ್ಲಿ ನೋಡುತ್ತಿದ್ದಳು.

ಆಮೇಲೆ ಮೇಡಮ್ ಕಡೆ ತಿರುಗಿ ಕೇಳಿದಳು. “ಫೋಟೋದಾಗೆ ಕಾಣ್ದಿದ್ರೂ ಇರ್ತದಾ ಮೇಡಮ್?”

“ಇರುತ್ತಮ್ಮ. ಶುರುವಿನಲ್ಲಿ ಕಾಣೋದಿಲ್ಲ.”

“ಅದೇ ದಿನಾ ಕಳೆದಂಗೆಲ್ಲ ಬ್ಯಾಗ ಬ್ಯಾಗ ನೋಯಾಕ್ ಸುರು ಆಗಿದ್ದಾ?”

“ಬಿರುಕು ದೊಡ್ಡದಾದ ಹಾಗೆ ನೋವು ಬೇಗ ಬರುತ್ತೆ. ಮೊದಲು ತುಂಬ ಓಡಿದ ಮೇಲೆ, ಆಮೇಲೆ ಸ್ವಲ್ಪ ಓಡಿದ್ರೂ.”

“ಅವತ್ನಿಂದ ಓಡ್ದೆ ಕೂತಿದ್ರೆ?”

ಮೇಡಮ್ ನನ್ನ ಕಡೆ ನೋಡಲಿಲ್ಲ. “ಕೂಡಿಕೊಳ್ತಿತ್ತು. ಹೆಚ್ಚಿನವರಿಗೆ ಕೂಡಿಕೊಳ್ಳುತ್ತೆ.”

ತಂಗಿ ಕಂಬಿಯಿಂದ ಒಂದು ಕೈ ಬಿಟ್ಟಳು. ಬಾಗಿ ಬಲಗಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಕಾಲು ಸಣ್ಣಗಾಗಿತ್ತು, ಮಂಡಿಯ ಕೆಳಗೆ ಹೊಲಿಗೆಯ ಗೆರೆ ಇತ್ತು. ಅದನ್ನು ಕನ್ನಡಿಯಲ್ಲಿ ಅಲ್ಲ, ನೇರವಾಗಿಯೇ ನೋಡಿದಳು. ಆಮೇಲೆ ಪಾದವನ್ನು ನೆಲಕ್ಕೆ ಊರಿದಳು. ಮೊದಲು ಬೆರಳು, ಆಮೇಲೆ ಹಿಮ್ಮಡಿ. ಕಾಲು ಮೇಲಿನಿಂದ ಕೆಳಗಿನವರೆಗೆ ನಡುಗಿತು. ನಾನು ಮುಂದೆ ಹೋಗಿ ಕೈ ಚಾಚಿದೆ.

“ಮುಟ್ಬೇಡ,” ಅಂದಳು.

ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಕಂಬಿಗಳು ಮುಗಿಯುವಲ್ಲಿ ಒಂದು ಗಳಿಗೆ ನಿಂತು, ಮೇಡಮ್ ಕೊಟ್ಟ ಕೋಲು ತೆಗೆದುಕೊಂಡು, ನನ್ನ ಪಕ್ಕದಿಂದಲೇ ಬಾಗಿಲ ಕಡೆಗೆ ಹೋದಳು. ಚಪ್ಪಲಿ ಹಾಕಿಕೊಂಡಳು. ಕುಂಟುತ್ತಿದ್ದಳು, ಆದರೆ ಎರಡು ಕಾಲಿನ ಸದ್ದೂ ಕೇಳುತ್ತಿತ್ತು.

ನಾನು ವಾಕರ್ ಮಡಚಿ ಹೆಗಲ ಮೇಲಿಟ್ಟುಕೊಂಡು ಹಿಂದೆ ಹೋದೆ. ಬಸ್ಸಿನಲ್ಲಿ ಅವಳು ಕಿಟಕಿಗೆ ಕೂತಳು. ಪಕ್ಕದ ಸೀಟು ಖಾಲಿ ಇತ್ತು. ಕಂಡಕ್ಟರು, “ಕೂತ್ಕೊಳ್ಳಿ ಯಜಮಾನ್ರೇ, ಜಾಗ ಅದಲ್ಲ,” ಅಂದರು. ಅವಳು ತಿರುಗಿ ನೋಡಲಿಲ್ಲ. ಊರು ಬರುವ ತನಕ ನಾನು ನಿಂತೇ ಇದ್ದೆ.